‘ಆರಾಮ’ ಎಂಬ ಅಳತೆಗೋಲು

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು ‘ಆರಾಮಾ?’ ಅಂತ. ಉತ್ತರವೂ ಒಂದೇ, ‘ಆರಾಮ.’ ಮೈ ಸುಡುತ್ತಿದ್ದರೂ ಹಾಗೇ ಅನ್ನುತ್ತಾರೆ. ನಿಜ ಹೊರಬರುವುದು ಕೂತು, ನೀರು ಕುಡಿದು, ಇನ್ನೊಂದು ಸಲ ಕೇಳಿಸಿಕೊಂಡ ಮೇಲೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಸ್ಥಳೀಯ ಪತ್ರಿಕೆಯೊಂದಕ್ಕೆ ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯ ಸುದ್ದಿ ಬರೆಯುತ್ತಿದ್ದೆ. ಆ ಸೀಮೆಯ ಒಂದು ಸಬ್ ಜೈಲಿನ ಕೈದಿಗಳ ಆರೋಗ್ಯ ಹೇಗಿದೆ ಎಂದು ಸರ್ಕಾರಕ್ಕೆ ವರದಿ ಹೋಗಬೇಕಿತ್ತು. ಅದಕ್ಕಾಗಿ ವೈದ್ಯರೊಬ್ಬರು ಬಂದ ದಿನ ನನ್ನನ್ನೂ ಒಳಗೆ ಬಿಟ್ಟರು.

ವೈದ್ಯರು ಸರಳಿನ ಹೊರಗೇ ನಿಂತರು. ‘ಏನ್ರಪ್ಪಾ, ಎಲ್ಲಾ ಆರಾಮಾ?’

‘ಆರಾಮ್ರೀ ಸಾಹೇಬ್ರೇ.’ ಎಲ್ಲರೂ ಒಟ್ಟಿಗೆ ಅಂದರು.

ಗೋಡೆಗೆ ಒರಗಿ ಕೂತಿದ್ದವನು ಜಗಳೂರು ಕಡೆಯ ಕುರಿಗಾಹಿ. ಕುರಿ ಕದ್ದ ಆರೋಪ. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಬಲಗಾಲು ಮೊಣಕಾಲಿನವರೆಗೆ ಬಾತಿತ್ತು. ಪಾದಕ್ಕೆ ಸುತ್ತಿದ್ದ ಬಟ್ಟೆಯ ನಾತ ನಾನು ನಿಂತಲ್ಲಿಗೂ ಬರುತ್ತಿತ್ತು. ಅವನೂ ಆರಾಮ ಅಂದಿದ್ದ.

ಪಕ್ಕದಲ್ಲಿದ್ದ ಚನ್ನಗಿರಿ ಕಡೆಯ ಕೈದಿ ಬಾಯಿ ಹಾಕಿದ. ‘ಇವನ ಬಾಯಿ ಆರಾಮ ಐತೆ ಸಾಹೇಬ್ರೇ. ಕಾಲನ್ನ ಬ್ಯಾರೆ ಕೇಳ್ರಿ.’

ಒಳಗೆ ನಗು ಎದ್ದಿತು. ಕಾವಲಿನವನು ಲಾಠಿಯಿಂದ ಸರಳು ಬಡಿದ. ‘ನಾಟಕ ಕಂಪನಿ ಮಾಡ್ಕೊಂಡೀರೇನಲೇ?’

ಚನ್ನಗಿರಿಯವನು ಬಿಡಲಿಲ್ಲ. ‘ಇವಂಗೆ ಮಲಗಾಕೆ ಆಗಲ್ರೀ. ಪಾಯಖಾನೆಗೂ ನಾವೇ ಹೊತ್ಕೊಂಡು ಹೋಗ್ತೀವಿ. ದೊಡ್ಡಾಸ್ಪತ್ರೆಗೆ ಕಳಿಸ್ರಿ, ಇಲ್ಲಾಂದ್ರೆ ಕಾಲು ಹೋಗ್ತೈತೆ.’

‘ಹೌದೇನೋ? ಅಷ್ಟು ನೋವೈತಾ?’ ವೈದ್ಯರು ಕುರಿಗಾಹಿಯನ್ನೇ ಕೇಳಿದರು.

ಅವನು ಲಾಠಿಯನ್ನು ನೋಡಿದ. ‘ತಡಕೋಬೋದು ಬಿಡ್ರಿ.’

ವೈದ್ಯರು ನನ್ನ ಕಡೆ ತಿರುಗಿದರು. ‘ಕೇಳಿದ್ರಲ್ಲ? ಹೊರಗಡೆಗಿಂತ ಇಲ್ಲೇ ಚೆನ್ನಾಗಿದಾರೆ. ಹೊತ್ತಿಗೆ ಊಟ, ತಲೆ ಮೇಲೆ ಸೂರು.’

ಬೀಗ ತೆಗೆಸಲಿಲ್ಲ. ಆ ಬಟ್ಟೆ ಬಿಚ್ಚಿಸಲಿಲ್ಲ. ನಾನು ಕಾಲಿನ ಬಾವು, ನಾತ, ಹೊತ್ತುಕೊಂಡು ಹೋಗುವ ಮಾತು, ಎಲ್ಲವನ್ನೂ ಬರೆದು ಕಳಿಸಿದೆ. ಪತ್ರಿಕೆಯಲ್ಲಿ ಉಳಿದದ್ದು ವೈದ್ಯರ ಹೇಳಿಕೆ ಮಾತ್ರ: ಕೈದಿಗಳೆಲ್ಲ ಆರೋಗ್ಯವಾಗಿದ್ದಾರೆ.

ಕುರಿಗಾಹಿಗೆ ಪ್ರಜ್ಞೆ ತಪ್ಪಿದ ಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ಮೊಣಕಾಲಿನ ಮೇಲಿನಿಂದ ಕಾಲು ಕತ್ತರಿಸಿದರು. ಮುಂದೆ ಸಾಕ್ಷ್ಯವಿಲ್ಲವೆಂದು ಕೋರ್ಟು ಅವನನ್ನು ಬಿಟ್ಟಿತು. ಒಂಟಿಕಾಲಿನಲ್ಲಿ ಕುರಿ ಹಿಂದೆ ಹೋಗುವುದು ಹೇಗೆ ಎಂದು ಕೋರ್ಟೂ ಕೇಳಲಿಲ್ಲ.

ವೈದ್ಯರು ಬೇರೆ ಸೀಮೆಯವರಾಗಿದ್ದರೆ ಮಾತಿನ ಅರ್ಥ ತಿಳಿಯಲಿಲ್ಲ ಎನ್ನಬಹುದಿತ್ತು. ಅವರು ಹೊನ್ನಾಳಿ ಪಕ್ಕದ ನ್ಯಾಮತಿಯವರೇ. ವಿಚಾರಿಸಲು ಅವರ ಮನೆಗೆ ಹೋದೆ. ನಾನು ಕುರಿಗಾಹಿಯ ಮಾತು ತೆಗೆಯುವಷ್ಟರಲ್ಲಿ ಅವರ ತಂದೆ ಬಸ್ಸಿಳಿದು ಬಂದರು.

‘ಆರಾಮಾ ಅಪ್ಪಾ?’

‘ಆರಾಮಪ್ಪ.’

ವೈದ್ಯರು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಂದೆಯನ್ನು ಕೂರಿಸಿ, ಮಣಿಕಟ್ಟು ಹಿಡಿದು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ‘ನಿದ್ದೆ ಬರ್ತೈತಾ? ಊಟ ಸೇರ್ತೈತಾ? ಮೆಟ್ಲು ಹತ್ತಾಕೆ ಆಗ್ತೈತಾ?’

ಆಮೇಲೆ, ನಾಡಿಯ ಮೇಲಿಂದ ಬೆರಳು ತೆಗೆಯದೆಯೇ ನನಗೆ ಹೇಳಿದರು: ‘ಆ ಕೈದಿ ವಿಷಯಾನಾ? ನಾನು ಕೇಳಿದ್ನಲ್ರೀ. ಅವನೇ ಆರಾಮ ಅಂದ.’