ಮೊಣಕೈ ಓಣಿಯ ಒಂದು ಗೇಣು

ಬೆಳಗಿನ ಆರೂಕಾಲು. ಮೊಣಕೈ ಓಣಿಯ ತಿರುವಿನಲ್ಲಿ ಎಲಾದಿಯೊ ಬೊರ್ರೆಗೊ ಮಂಡಿಯೂರಿ ಕೂತು ಗೋಡೆಯ ಗಾಯಕ್ಕೆ ನೀರು ಚಿಮುಕಿಸುತ್ತಿದ್ದಾರೆ. ನಿನ್ನೆ ಸಂಜೆ ಯಾವುದೋ ಬೆಳ್ಳಿ ಬಣ್ಣದ ಕಾರು ಉಜ್ಜಿಕೊಂಡು ಹೋದ ಜಾಗವಿದು. ಮೊಳದುದ್ದ ಗಾರೆ ಕಿತ್ತುಬಂದು ಒಳಗಿನ ಕಲ್ಲು ಕಾಣುತ್ತಿದೆ. ಪಕ್ಕದ ಬಕೆಟ್‌ನಲ್ಲಿ ಸುಣ್ಣವಿದೆ, ಎರಡು ವರ್ಷ ಗುಂಡಿಯಲ್ಲಿ ನೆನೆದು ಬೆಣ್ಣೆಯಂತಾದ ಸುಣ್ಣ. ಕರಣೆಯ ತುದಿಯಲ್ಲಿ ಒಂದಿಷ್ಟು ಎತ್ತಿ, ಮೂಗಿನ ಹತ್ತಿರ ತಂದು ಮೂಸಿ, ಆಮೇಲೆ ಗೋಡೆಗೆ ಬಳಿಯುತ್ತಾರೆ. ಪತ್ರಿಕೆಗೆ ಬರೆದುಕೊಳ್ಳುತ್ತ ಪಕ್ಕದಲ್ಲಿ ಕೂತ ನಾನು, ಮೂಸುವುದೇಕೆ ಎಂದು ಕೇಳುತ್ತೇನೆ.

"ಹಳೇ ಸುಣ್ಣಕ್ಕೆ ಘಾಟು ಇರಲ್ಲ. ಘಾಟು ಬಂತು ಅಂದ್ರೆ ಅದರ ಸಿಟ್ಟು ಇನ್ನೂ ಇಳಿದಿಲ್ಲ ಅಂತ," ಎನ್ನುತ್ತಾರೆ. ನನ್ನತ್ತ ಒಮ್ಮೆ ನೋಡಿ ಸೇರಿಸುತ್ತಾರೆ, "ನಿನ್ನ ಥರ."

ನನ್ನ ಸಿಟ್ಟು ಇಳಿದಿಲ್ಲ, ನಿಜ. ಇಳಿಸಿಕೊಳ್ಳುವ ಇರಾದೆಯೂ ಇಲ್ಲ.

ಮೊಂತಾಲ್ವಾರ್ ನಗರದ ಫೋಟೊ ಇಲ್ಲದ ಪ್ರವಾಸಿ ಪುಸ್ತಕ ಸ್ಪೇನಿನಲ್ಲಿ ಸಿಗಲಾರದು. ರೋಮನರ ಸೇತುವೆ, ಕೋಟೆ, ಕೊಕ್ಕರೆ ಗೂಡು ಕಟ್ಟಿದ ಇಗರ್ಜಿ ಗೋಪುರ, ಜೇನು ಬಣ್ಣದ ಗೋಡೆಗಳು. ಆ ಗೋಡೆಗಳ ಮೇಲೆಲ್ಲ ಎಲಾದಿಯೊ ಅವರ ಕೈಯಾಡಿದೆ. ಅವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅರವತ್ನಾಲ್ಕು ವರ್ಷದ ಈ ಮನುಷ್ಯ ನಲವತ್ತೊಂದು ವರ್ಷದಿಂದ ನಗರಸಭೆಯ ಗಾರೆ ಕೆಲಸಗಾರ. ಸುಣ್ಣದ ಕೆಲಸ ಗೊತ್ತಿರುವವರು ಅಲ್ಲಿ ಇವರೊಬ್ಬರೇ ಉಳಿದಿದ್ದಾರೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕುದಿಯುವ ಸುಣ್ಣ ಸಿಡಿದು ಎಡಗಣ್ಣು ಮಬ್ಬಾಯಿತು. ಅಂದಿನಿಂದ ಗೋಡೆಯ ನುಣುಪನ್ನು ಕಣ್ಣಿಗಿಂತ ಹೆಚ್ಚಾಗಿ ಅಂಗೈಯಲ್ಲಿ ನೋಡುತ್ತಾರೆ. ಅಳತೆ ಪಟ್ಟಿ ಇಟ್ಟುಕೊಂಡಿಲ್ಲ. ಇವರ ಅಪ್ಪನ ಕಾಲದಿಂದಲೂ ಇಲ್ಲಿಯ ಗಾರೆಯವರ ಲೆಕ್ಕ ಬೆರಳು, ಗೇಣು, ಮೊಳ, ಅಷ್ಟೆ.

ತಿರುವಿನ ಮೂಲೆಯಲ್ಲಿ ಮೊಣಕಾಲೆತ್ತರದ ಕಗ್ಗಲ್ಲೊಂದು ನೆಲದಲ್ಲಿ ಹೂತು ನಿಂತಿದೆ. ಕಾವಲುಗಲ್ಲು ಎನ್ನುತ್ತೇವೆ. ಹೇಸರಗತ್ತೆಯ ಗಾಡಿಗಳ ಕಾಲದಲ್ಲಿ ಚಕ್ರದ ಅಚ್ಚು ಮನೆಗೋಡೆಗೆ ಬಡಿಯದಿರಲಿ ಎಂದು ಇಟ್ಟದ್ದು. ಇದನ್ನು ನೆಟ್ಟವರು ಎಲಾದಿಯೊ ಅವರ ಅಪ್ಪ.

ಕಲ್ಲಿನ ಕತೆ ಕೇಳುತ್ತಿರುವಾಗಲೇ ಓಣಿಯ ಬಾಯಲ್ಲಿ ದೀಪ ಹೊಳೆಯುತ್ತದೆ. ದೊಡ್ಡ ಕಪ್ಪು ಕಾರು. ಎಲಾದಿಯೊ ತಲೆಯೆತ್ತದೆ "ಬಂತು" ಎನ್ನುತ್ತಾರೆ, ಬಕೆಟ್ ಎತ್ತಿಕೊಂಡು ಬಾಗಿಲ ಸಂದಿಗೆ ಸರಿಯುತ್ತಾರೆ. ಬೇಡ, ಬೇಡ ಎಂದು ನಾನು ಕೂಗುವಷ್ಟರಲ್ಲಿ ಕಾರು ತಿರುವಿಗೆ ಮೂತಿ ತೂರಿಸಿ, ಕಿರ್ರೆಂದು ಕಿರುಚಿ, ಎಡಕ್ಕೆ ಕಾವಲುಗಲ್ಲು, ಬಲಕ್ಕೆ ಗೋಡೆ, ಎರಡರ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಅರ್ಧ ಗಂಟೆಯ ಹಸಿ ಗಾರೆ ಅದರ ಕನ್ನಡಿಗೆ ಮೆತ್ತಿಕೊಂಡಿದೆ.

ಒಳಗೆ ಒಂದು ಜೋಡಿ. ಅವನು ಬೊರ್ಹಾ, ಅವಳು ಆಂಪಾರೊ. ವಾಲೆನ್ಸಿಯಾದಿಂದ ಲಿಸ್ಬನ್‌ಗೆ ಕಾರಿನಲ್ಲೇ ಹೊರಟವರು, ದಾರಿಯಲ್ಲಿ ಸಿಕ್ಕ ಹಳೇ ಊರುಗಳನ್ನೆಲ್ಲ ನೋಡುತ್ತ ಹೋಗುವವರು. ಮೊಂತಾಲ್ವಾರ್‌ಗೆ ಒಂದು ಹಗಲು, ಒಂದು ರಾತ್ರಿ ಮೀಸಲಂತೆ. ಬಿಸಿಲೇರುವ ಮುಂಚೆ ಮುಟ್ಟಬೇಕೆಂದು ನಿದ್ದೆಗೆಟ್ಟು ಓಡಿಸಿಕೊಂಡು ಬಂದಿದ್ದಾರೆ.

"ಬಾಗಿಲು ತೆಗೆಯೋಕೇ ಆಗ್ತಿಲ್ಲ!" ಗಾಜಿಳಿಸಿ ಬೊರ್ಹಾ ಕೂಗುತ್ತಾನೆ, ಬಾಗಿಲಿಗೆ ಬೀಗ ಹಾಕಿದವರು ನಾವೇ ಎಂಬ ಹಾಗೆ.

ಮೇಲಿನ ಕಿಟಕಿಯಿಂದ ರೆಮೆ ಅತ್ತೆಯ ತಲೆ ಹೊರಬರುತ್ತದೆ. ಎಂಬತ್ತೆರಡು ವರ್ಷದ ಈಕೆ ಓಣಿಗೆಲ್ಲ ಅತ್ತೆ. "ಬಂದ್ರಾ ಅಳಿಯಂದ್ರೇ? ಕಾಫಿ ಇಲ್ಲಿಂದ್ಲೇ ಇಳಿಸ್ಲಾ, ಒಳಗೆ ಬಂದು ಕುಡೀತೀರಾ?"

"ಫೋನು ಇದೇ ದಾರಿ ತೋರಿಸ್ತು ಅಮ್ಮಾ."

"ಫೋನಿಗೆ ಸೊಂಟ ಇಲ್ಲ ಮಗನೇ, ಎಲ್ಲಿ ಬೇಕಾದ್ರೂ ತೂರುತ್ತೆ. ನಿನ್ನ ಗಾಡಿಗಿದೆ."

ಎಲಾದಿಯೊ ನಗುವುದಿಲ್ಲ. ಬಾಗಿಲ ಹಿಂದಿನಿಂದ ಎರಡು ಹಳೇ ಕುರಿತೊಗಲು, ಒಂದು ಡಬ್ಬಿ ಹಸಿರು ಸೋಪು ತರುತ್ತಾರೆ. ಕಳೆದ ವರ್ಷ ಮೂವತ್ತೇಳು ಕಾರು ಇಲ್ಲಿಂದ ಬಿಡಿಸಿದ್ದಾರೆ, ಈ ವರ್ಷ ಇದು ಹತ್ತೊಂಬತ್ತನೆಯದು. ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಕನ್ನಡಿ ಮಡಚಿ, ಸೋಪು ಬಳಿದ ತೊಗಲನ್ನು ಕಾರಿಗೂ ಕಲ್ಲಿಗೂ ನಡುವೆ ತುರುಕುತ್ತಾರೆ. "ನೋಡಪ್ಪಾ, ಇನ್ಮೇಲೆ ನಿನಗೆ ಕಣ್ಣು ಬೇಡ, ಕಿವಿ ಸಾಕು. ಒಂದು ಚಪ್ಪಾಳೆಗೆ ನಿಲ್ಲು. ಎರಡು ಚಪ್ಪಾಳೆಗೆ ಹಿಂದೆ ಬಾ. ನಾನು ಚಪ್ಪಾಳೆ ಹೊಡೀದಿದ್ರೆ ಉಸಿರೂ ಬಿಡಬೇಡ."

ಇಪ್ಪತ್ತೈದು ನಿಮಿಷ ಓಣಿಯಲ್ಲಿ ಚಪ್ಪಾಳೆಯದೇ ಸದ್ದು. ಕೊನೆಗೆ ಕಾರು ಹಿಂದೆ ಹಿಂದೆ ಸರಿದು ಓಣಿಯ ಬಾಯಲ್ಲಿರುವ ಕಮಾನಿನ ಹೊರಗೆ ಬರುತ್ತದೆ. ಬೊರ್ಹಾ ಇಳಿದು ಮೊದಲು ಕಾರಿನ ಬಣ್ಣ ಸವರಿ ನೋಡುತ್ತಾನೆ. ಆಮೇಲಷ್ಟೇ ಎಲಾದಿಯೊ ಅವರ ಕಡೆ ತಿರುಗಿ ಸಿಡುಕುತ್ತಾನೆ.

"ಆ ಕಲ್ಲನ್ನ ಕಿತ್ತು ಬಿಸಾಕೋಕೆ ಏನ್ ರೋಗ ನಿಮಗೆ? ಯಾವ ಕಾಲದಲ್ಲಿದ್ದೀರಿ?"

"ಇಲ್ಲೇ ಇದ್ದೀವಿ," ಎನ್ನುತ್ತಾರೆ ಎಲಾದಿಯೊ.

ಆಂಪಾರೊ ಗಂಡನ ತೋಳು ಜಗ್ಗುತ್ತಾಳೆ. ಅವಳು ಕೆಟ್ಟವಳೇನಲ್ಲ, ಎರಡು ಸಲ ಥ್ಯಾಂಕ್ಸ್ ಹೇಳಿದಳು. ಆಮೇಲೆ ಫೋನು ಎಲಾದಿಯೊ ಅವರ ಕೈಗೆ ಕೊಟ್ಟು, "ನಮ್ಮಿಬ್ಬರದು ಒಂದು ಫೋಟೊ ತೆಗೀತೀರಾ? ಹಿಂದೆ ಆ ಓಣಿ ಕಾಣೋ ಹಾಗೆ," ಎಂದಳು. ಅವರು ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಳ್ಳೆಯ ಕಣ್ಣನ್ನು ಫೋನಿಗೆ ಹಚ್ಚಿ ಫೋಟೊ ತೆಗೆದುಕೊಟ್ಟರು. ಅವರ ಹೆಸರೇನೆಂದು ಆ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಆದರೆ ಆ ಜೋಡಿಯ ಮೇಲೆ ಎಷ್ಟು ಉರಿದರೇನು? ಅವರು ಹೊರಟಿದ್ದು ಓಣಿಯಾಚೆಯ ಪುಟ್ಟ ಚೌಕಕ್ಕೆ. ಸನ್ಯಾಸಿನಿಯರು ಬಿಟ್ಟುಹೋದ ಹಳೇ ಮಠದಲ್ಲಿ ಅಲ್ಲಿ ಈಗೊಂದು ಹೋಟೆಲು ತೆರೆದಿದೆ. ಕಾರನ್ನು ಕೋಟೆಯ ಹೊರಗೆ ಬಿಟ್ಟು ನಡೆದು ಬನ್ನಿ ಎಂದು ಹೇಳಲು ಆ ಹೋಟೆಲಿಗೆ ಬಾಯಿಲ್ಲ. ಬಾಗಿಲ ತನಕ ಕಾರು ಬರುತ್ತದೆ ಎಂದು ನಕ್ಷೆ ಹಾಕಿ ಕರೆಯುತ್ತದೆ. ಓಣಿಯವರು ಹನ್ನೊಂದು ಸಲ ಹೋಗಿ ಹೇಳಿದರು. ಕೇಳಿಸಿಕೊಂಡವರು ನಕ್ಕು ಕಳಿಸಿದರು. ಇನ್ನೊಂದು ಮಾತು ನಾನೇ ಒಪ್ಪಿಕೊಳ್ಳಬೇಕು: ಏಪ್ರಿಲ್‌ನಲ್ಲಿ ಇದೇ ಪುರವಣಿಯ ಇದೇ ಪುಟದಲ್ಲಿ ಆ ಹೋಟೆಲನ್ನು ಬಾಯ್ತುಂಬ ಹೊಗಳಿ ಬರೆದವನು ನಾನೇ. ಅವರ ಮೊಗಸಾಲೆಯಲ್ಲಿ ಕೂತು ಚೆರಿ ಹಣ್ಣು ತಿನ್ನುತ್ತ ಬರೆದೆ. ಈ ಓಣಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಎರಡು ಬೀದಿಯಾಚೆ ಹುಟ್ಟಿ ಬೆಳೆದವನು ನಾನು, ನಾಚಿಕೆಯಾಗಬೇಕು ನನಗೆ.

ಹದಿನೈದು ವರ್ಷದ ಹಿಂದೆ ಆ ಚೌಕದಲ್ಲಿ ಬೇಸಿಗೆಯ ಸಂಜೆಗೆ ಹದಿನಾಲ್ಕು ಕುರ್ಚಿ ಬೀಳುತ್ತಿದ್ದವು. ಬಿಸಿಲು ಇಳಿದೊಡನೆ ಹೆಂಗಸರು ಮನೆಯಿಂದ ಕುರ್ಚಿ ತಂದು, ಬೀದಿಗೆ ಬೆನ್ನು ಹಾಕಿ ಕೂತು, ತಂಪಿಗೆ ಮೈಯೊಡ್ಡಿ ಊರಿನ ಸುದ್ದಿಯೆಲ್ಲ ಜಾಲಾಡುತ್ತಿದ್ದರು. ಮೊದಲ ಕುರ್ಚಿ ಎಲಾದಿಯೊ ಅವರ ತಾಯಿ ಕಾಸಿಲ್ದಾ ಅತ್ತೆಯದು. ಒಂದು ಜುಲೈ ಸಂಜೆ ದಾರಿ ತಪ್ಪಿದ ಕಾರೊಂದು ಇದೇ ತಿರುವು ದಾಟಿ ಚೌಕಕ್ಕೆ ನುಗ್ಗಿತು. ಬೆನ್ನು ಹಾಕಿ ಕೂತಿದ್ದವರಲ್ಲಿ ಮಿಕ್ಕವರು ಎದ್ದರು. ಕಾಸಿಲ್ದಾ ಅತ್ತೆಗೆ ಏಳಲಾಗಲಿಲ್ಲ.

"ಸೊಂಟದ ಮೂಳೆ ಮುರೀತು. ಹನ್ನೊಂದು ತಿಂಗಳು ಹಾಸಿಗೆ, ಆಮೇಲೆ ಹೋದಳು," ಎಲಾದಿಯೊ ಕರಣೆ ತೊಳೆಯುತ್ತ ಹೇಳುತ್ತಾರೆ. "ಆ ಕಾರಲ್ಲೂ ಗಂಡ ಹೆಂಡತಿ. ಪಾಪ, ಅತ್ರು. ಮಾರನೇ ದಿನ ಹೂವು ಕಳಿಸಿದ್ರು. ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿ ಆಗಿತ್ತು."

ಎರಡು ಬೇಸಿಗೆ ಚೌಕದಲ್ಲಿ ಒಂದು ಕುರ್ಚಿಯೂ ಬೀಳಲಿಲ್ಲ. ಆಮೇಲೆ ನಿಧಾನವಾಗಿ ಬಂದವು. ಈಗ ಹನ್ನೊಂದಿವೆ. ಯಾಕೆ ಬಂದವು ಎಂದರೆ, ಕಾರುಗಳು ತಿರುವಿನಲ್ಲೇ ಸಿಕ್ಕಿಕೊಳ್ಳತೊಡಗಿದವು. ಚೌಕದ ತನಕ ಯಾವುದೂ ಮುಟ್ಟುತ್ತಿಲ್ಲ. ಕಾರುಗಳು ದಪ್ಪಗಾಗಿವೆ ಎಂದು ಎಲ್ಲರೂ ಅಂದುಕೊಂಡೆವು.

ಈಗ ಹೋಟೆಲಿನವರು ನಗರಸಭೆಯ ಬಾಗಿಲು ತಟ್ಟಿ ಅಪ್ಪಣೆ ತಂದಿದ್ದಾರೆ. ಬರುವ ಗುರುವಾರ ಕಾವಲುಗಲ್ಲು ಕೀಳಬೇಕು, ಮೂಲೆ ಕತ್ತರಿಸಬೇಕು. ಆಂಬುಲೆನ್ಸ್ ಬರಲು ಅನುಕೂಲ ಎಂಬ ನೆಪ ಬೇರೆ. "ಆಂಬುಲೆನ್ಸು ಕಮಾನಿನ ಹತ್ರ ನಿಲ್ಲುತ್ತೆ, ಸ್ಟ್ರೆಚರು ಒಳಗೆ ಬರುತ್ತೆ. ನಲವತ್ತು ಹೆಜ್ಜೆ. ನನ್ನನ್ನೇ ಎರಡು ಸಲ ಹೊತ್ಕೊಂಡು ಹೋಗಿದ್ದಾರೆ, ಎಣಿಸಿದ್ದೀನಿ," ಎಂದು ರೆಮೆ ಅತ್ತೆ ಕಿಟಕಿಯಿಂದಲೇ ಗುಡುಗುತ್ತಾಳೆ. ಕಣ್ಣಿಗೆ ಮಣ್ಣೆರಚುವುದು ಅಂದರೆ ಇದೇ. ಅಪ್ಪಣೆಯ ಕಾಗದದ ಕೊನೆಯಲ್ಲಿ, ಕೆಲಸ ಮಾಡತಕ್ಕವರು ಎಂಬಲ್ಲಿ ಬರೆದ ಹೆಸರು: ಎಲಾದಿಯೊ ಬೊರ್ರೆಗೊ. ಅಪ್ಪ ನೆಟ್ಟ ಕಲ್ಲು, ಅಮ್ಮನನ್ನು ಬೀಳಿಸಿದ ಕಾರು ದಾಟಿದ ತಿರುವು, ಮಗನ ಕೈಗೇ ಹಾರೆ! ಇದನ್ನು ಬರೆದ ಪುಣ್ಯಾತ್ಮನಿಗೆ ಇದಾವುದೂ ಗೊತ್ತಿರಲಿಕ್ಕಿಲ್ಲ. ವಿಚಾರಿಸಬೇಕು ಎಂದು ಅನ್ನಿಸಲೂ ಇಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ಕಳೆದ ವಾರ ಅಳೆಯಲು ಬಂದ ಎಂಜಿನಿಯರ್ ತಲೆ ಕೆರೆದುಕೊಂಡು ಹೋದನಂತೆ. ಹಳೇ ನಕ್ಷೆಯಲ್ಲಿ ತಿರುವಿನ ಅಗಲ ಎರಡು ಮೀಟರ್ ನಾಲ್ಕು ಸೆಂಟಿಮೀಟರ್. ಅವನ ಪಟ್ಟಿಗೆ ಸಿಕ್ಕಿದ್ದು ಒಂದು ಮೀಟರ್ ಎಂಬತ್ಮೂರು. ನಕ್ಷೆ ಬರೆದವನೇ ತಪ್ಪಿರಬೇಕು ಎಂದು ಬರೆದುಕೊಂಡನಂತೆ.

"ನಕ್ಷೆ ಸರಿಯಾಗೇ ಇದೆ," ಎನ್ನುತ್ತಾರೆ ಎಲಾದಿಯೊ. ದನಿ ತಗ್ಗಿಸುವುದೂ ಇಲ್ಲ. "ಅಮ್ಮ ಹೋದ ಮೇಲೆ ಕಾರು ಗುದ್ದಿ ಕಲ್ಲು ಆರು ಸಲ ಬುಡ ಸಮೇತ ಅಲುಗಾಡ್ತು. ಆರು ಸಲಾನೂ ನಾನೇ ಮತ್ತೆ ನೆಟ್ಟೆ. ಪ್ರತಿ ಸಲ ಎರಡು ಬೆರಳು ಮುಂದೆ. ಹಿಂದಿನ ಸಂದಿಗೆ ಗಾರೆ ತುಂಬಿದೆ."

ಅವರು ಕಲ್ಲಿನ ಬೆನ್ನಿಗೂ ಮೂಲೆಗೂ ನಡುವೆ ಅಂಗೈ ಚಾಚಿ ತೋರಿಸುತ್ತಾರೆ. ಹೆಬ್ಬೆರಳು ಗೋಡೆಗೆ, ಕಿರುಬೆರಳು ಕಲ್ಲಿಗೆ. ಸರಿಯಾಗಿ ಒಂದು ಗೇಣು.

ನಾನು ಪೆನ್ನಿನ ಮುಚ್ಚಳ ಹಾಕುತ್ತೇನೆ. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ನಲವತ್ತೊಂದು ವರ್ಷದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ. ಇದು ಅಚ್ಚಾದರೆ ಕೊನೆಯ ವಾರದಲ್ಲಿ ಕೆಲಸದಿಂದ ಕಿತ್ತುಹಾಕುತ್ತಾರೆ.

"ಇದನ್ನ ಬರೆಯಲ್ಲ ಬಿಡಿ," ಎನ್ನುತ್ತೇನೆ.

"ಯಾಕೆ? ಹೋಟೆಲಿನದು ಬರೆದೆಯಲ್ಲ, ಪುಟಗಟ್ಟಲೆ?"

ನಾನು ಪೆನ್ನಿನ ಮುಚ್ಚಳ ಮತ್ತೆ ತೆಗೆಯುತ್ತೇನೆ.

"ಬರಿ ಮಗಾ. ಕಾರು ದಪ್ಪಗಾಯ್ತು, ನಕ್ಷೆ ತಪ್ಪಾಯ್ತು ಅಂತ ಅವರು ಅಂದ್ಕೊಂಡಿರೋದು ನನಗೆ ಸಾಕಾಗಿದೆ. ನಾನು ಮಾಡಿದ ಕೆಲಸ ಇದು. ಅಳತೆ ತಪ್ಪಿದವನಲ್ಲ ನಾನು."

ಅವರು ಮತ್ತೆ ಮಂಡಿಯೂರಿ, ಆಂಪಾರೊ ಫೋಟೊಗೆ ಬೇಕೆಂದ ಆ ಓಣಿಯ ಗೋಡೆಗೆ ಎರಡನೆಯ ಸಲ ನೀರು ಚಿಮುಕಿಸುತ್ತಾರೆ. ಬೆಳಗಿನಿಂದ ಮಾಡಿದ್ದನ್ನೆಲ್ಲ ಮೊದಲಿನಿಂದ ಮಾಡಬೇಕು. ಗುರುವಾರ ಕಲ್ಲು ಕೀಳುವುದಿಲ್ಲವೇ ಎಂದು ಕೇಳುತ್ತೇನೆ.

"ನಾನು ಕೀಳಲ್ಲ. ಇನ್ನೊಬ್ಬನ್ನ ಕರೆಸ್ತಾರೆ, ಅದೂ ಗೊತ್ತು. ಅದಕ್ಕೇ ಬೆಳಗ್ಗೆ ಆರೂಕಾಲಿಗೆ ಅಮ್ಮನ ಕುರ್ಚಿ ತಂದು ಕಲ್ಲಿನ ಪಕ್ಕ ಹಾಕ್ಕೊಂಡು ಕೂತ್ಕೋತೀನಿ. ರೆಮೆ ಅತ್ತೆ ಬರ್ತಾಳೆ. ನಿನ್ನ ಪೇಪರ್ ಓದೋರಲ್ಲಿ ಯಾರಿಗಾದ್ರೂ ಬರೋ ಮನಸ್ಸಿದ್ರೆ ಬರಲಿ. ಕುರ್ಚಿ ಮಾತ್ರ ಅವರವರೇ ತರಬೇಕು. ನಮ್ಮನೇಲಿ ಇರೋದು ಅದೊಂದೇ."