ಹಿನ್ನೀರಿನ ಒರಳುಕಲ್ಲು

ರುದ್ರ, ನಿನ್ನ ಆ ರೋಲು ಖಾಲಿ ಬಂದಿರಲಿಲ್ಲ. ಮೂವತ್ತಾರಕ್ಕೆ ಮೂವತ್ತಾರೂ ಫೋಟೋ ಬಂದಿದ್ದವು. ನಿನ್ನ ಕೈಗೆ ಕೊಟ್ಟ ಖಾಲಿ ಫಿಲಂ ನಾನು ತಯಾರಿಸಿದ್ದು — ಬೇಕೆಂದೇ, ಬಾಗಿಲು ಹಾಕಿಕೊಂಡು, ಗಡಿಯಾರ ನೋಡಿಕೊಂಡು ತಯಾರಿಸಿದ್ದು.

ಡಾರ್ಕ್ ರೂಮನ್ನು ಒಡೆಸಿ ಕಂಪ್ಯೂಟರಿಗೆ ಜಾಗ ಮಾಡಿಸುತ್ತಿದ್ದೇನೆ. ಸಾಮಾನು ತೆಗೆಯುವಾಗ ನಿನ್ನ ನೆಗೆಟಿವ್ ಅಚಾನಕ್ಕಾಗಿ ಸಿಕ್ಕಿತು ಎಂದು ಬರೆಯಲು ಹೊರಟಿದ್ದೆ. ಥೂ, ಅದೂ ಸುಳ್ಳು. ಅದು ಯಾವ ಡಬ್ಬಿಯಲ್ಲಿ, ಎಷ್ಟು ಕವರುಗಳ ಕೆಳಗಿದೆ ಎಂಬುದು ಈ ಹದಿಮೂರು ವರ್ಷದಲ್ಲಿ ಒಂದು ದಿನವೂ ನನಗೆ ಮರೆತಿರಲಿಲ್ಲ. ಕಾಗದ ಬರೆದು ನಿನಗೊಬ್ಬನಿಗೇ ಕೊಡಬಹುದಿತ್ತು. ಆದರೆ ನಿನ್ನ ಕೈ ಸರಿಯಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿದವನು ನಾನು. ಆ ಮಾತನ್ನು ನಾಲ್ಕು ಜನರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು. ಅದಕ್ಕೇ ಇದನ್ನು ಪತ್ರಿಕೆಗೆ ಅಚ್ಚಿಗೆ ಕೊಡುತ್ತಿದ್ದೇನೆ, ನಿನಗೆ ಗೊತ್ತಿರುವುದನ್ನೂ ಬೇರೆಯವರಿಗಾಗಿ ಬರೆಯುತ್ತಿದ್ದೇನೆ.

ನಾನು ಉದಯಗಿರಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟವನು. ನೀನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಗೋಕುಲಂನಲ್ಲಿ ನೀನು, ನಿನ್ನ ಹೆಂಡತಿ, ಮಗಳು, ನಿಮ್ಮವ್ವ. ಭಾನುವಾರ ಬಂತೆಂದರೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಹೊಳೆಯ ಕಡೆ. ಅರಮನೆ, ಬೆಟ್ಟದ ನಂದಿ — ಇವನ್ನೆಲ್ಲ ಕ್ಯಾಲೆಂಡರಿನವರು ತೆಗೆದು ತೆಗೆದು ಸವೆಸಿಬಿಟ್ಟಿದ್ದರು. ನಮಗೆ ಯಾರೂ ನಿಂತಿರದ ಜಾಗ ಬೇಕಿತ್ತು. ಬಲಮುರಿಯ ಕಟ್ಟೆಯ ನೀರನ್ನು ಯಾವ ಬಂಡೆಯಿಂದ ನೋಡಬೇಕು, ಕರಿಘಟ್ಟದ ಮೇಲೆ ಎಲ್ಲಿ ನಿಂತರೆ ಹೊಳೆಯ ತಿರುವು ಪೂರ್ತಿ ಕಾಣುತ್ತದೆ, ಶ್ರೀರಂಗಪಟ್ಟಣದ ಹಳೆ ಕಲ್ಲು ಸೇತುವೆಯ ಕೆಳಗೆ ಬಿಸಿಲು ಎಷ್ಟು ಹೊತ್ತಿಗೆ ಇಳಿಯುತ್ತದೆ — ಇದೇ ಮಾತು, ಇದೇ ಹುಚ್ಚು. ದೊಡ್ಡ ರೋಲು ಕೊಂಡು ತಂದು, ನನ್ನ ಡಾರ್ಕ್ ರೂಮಿನ ಕತ್ತಲಲ್ಲಿ ಕೈಯಳತೆಯಲ್ಲಿ ಕತ್ತರಿಸಿ ಡಬ್ಬಿಗಳಿಗೆ ತುಂಬಿಕೊಳ್ಳುತ್ತಿದ್ದೆವು. ನಿನ್ನ ಫಿಲಂ ಯಾವುದು, ನನ್ನದು ಯಾವುದು ಎಂದು ಗುರುತೇ ಇರುತ್ತಿರಲಿಲ್ಲ. ಮುಂದೆ ನನಗೆ ಅದೇ ಅನುಕೂಲವಾಯಿತು.

ನಮ್ಮ ನಡುವೆ ಒಂದು ಕಟ್ಟಳೆಯಿತ್ತು. ಹೊಸ ಜಾಗ ಕಂಡವನು ಮೊದಲ ಫೋಟೋ ತಾನೇ ತೆಗೆಯಬೇಕು. ತೆಗೆದ ಮೇಲೆ ಒಂದು ಪ್ರಿಂಟಿನ ಬೆನ್ನಿಗೆ ಅಲ್ಲಿಗೆ ಹೋಗುವ ದಾರಿ ಬರೆದು ಇನ್ನೊಬ್ಬನಿಗೆ ಕೊಡಬೇಕು. ಅಲ್ಲಿಯವರೆಗೆ ಇನ್ನೊಬ್ಬ ತುಟಿ ಪಿಟಕ್ಕೆನ್ನಬಾರದು. ಆರು ವರ್ಷ ಅದು ಸರಿಯಾಗಿಯೇ ನಡೆಯಿತು.

ಆಮೇಲೆ ಕರಿಘಟ್ಟದ ತಿರುವು. ಅದು ನಾನು ಕಂಡ ಜಾಗ. ದಾರಿ ಬರೆದ ಪ್ರಿಂಟು ಇದ್ದದ್ದು ನಿನ್ನೊಬ್ಬನ ಹತ್ತಿರ. ಮರುವರ್ಷದ ಫೋಟೋ ಸ್ಪರ್ಧೆಯಲ್ಲಿ ನೋಡಿದರೆ — ಯಾರೋ ಮೂರನೆಯವನ ಹೆಸರಿನಲ್ಲಿ ಅದೇ ತಿರುವು, ಅದೇ ಬಂಡೆಯ ಮೇಲಿಂದ! ನಾನು ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಮುಗಿದುಹೋಗುತ್ತಿತ್ತು. ಅನುಮಾನವನ್ನು ಒಳಗೇ ಇಟ್ಟುಕೊಂಡೆ, ಅದು ಒಳಗೇ ಹುಳಿಯಿತು. ನಾನು ತೆಗೆದ ಆ ತಿರುವಿನ ಫೋಟೋ ನನ್ನ ಅಂಗಡಿಯ ಗೋಡೆಯ ಮೇಲೇ ಆರು ತಿಂಗಳು ನೇತಾಡಿತ್ತು, ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆಲ್ಲ ನಾನೇ ಆ ಬಂಡೆಯ ಗುರುತು ಹೇಳಿ ಜಂಬ ಕೊಚ್ಚಿಕೊಂಡಿದ್ದೆ — ಇದು ನನಗೆ ಹೊಳೆಯುವಷ್ಟರಲ್ಲಿ ಅವ್ವ ಹೋಗಿ ಎರಡು ವರ್ಷವಾಗಿತ್ತು.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ಪಶ್ಚಿಮವಾಹಿನಿಯಲ್ಲಿ ಗಂಡನ ಅಸ್ಥಿ ಬಿಡಲು ಬಂದಿದ್ದ ಒಬ್ಬ ಹೆಂಗಸು ನೀರಿನಲ್ಲಿ ಮೊಣಕಾಲುದ್ದ ನಿಂತು ಅಳುತ್ತಿದ್ದಳು. ನೀನು ನನ್ನ ಕ್ಯಾಮೆರಾದ ಮೇಲೆ ಕೈಯಿಟ್ಟು "ಬ್ಯಾಡ ಕಣೋ ರಾಜು" ಎಂದೆ. ನಾನು ನಿನ್ನ ಕೈ ಸರಿಸಿ ತೆಗೆದೆ. ಅದಕ್ಕೆ ಮೊದಲ ಬಹುಮಾನ ಬಂತು. ನೀನು ಆ ಸಮಾರಂಭಕ್ಕೆ ಬರಲಿಲ್ಲ.

ತೊಂಬತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ಕಾವೇರಿ ತಳ ಕಂಡಿದ್ದಳು. ಕನ್ನಂಬಾಡಿ ಕಟ್ಟೆಯ ಹಿನ್ನೀರು ಮೈಲಿಗಟ್ಟಲೆ ಹಿಂದೆ ಸರಿದು, ಮುಳುಗಿದ್ದ ಹಳ್ಳಿಗಳ ಕಲ್ಲುಗಳು ಮೇಲೆದ್ದಿವೆ ಎಂದು ಸುದ್ದಿ. ಹೋಗೋಣ ಎಂದರೆ ನೀನು ಎರಡು ಭಾನುವಾರ ಏನೇನೋ ನೆವ ಹೇಳಿದೆ. ಒಂದು ಸಲ ನೆಂಟರು, ಇನ್ನೊಂದು ಸಲ ತಲೆನೋವು. ಸೋಮವಾರ ಅಂಗಡಿಗೆ ಬಂದಾಗ ನಿನ್ನ ಚಪ್ಪಲಿ ನೋಡಿದೆ. ಅಟ್ಟೆಯಲ್ಲಿ ಬೂದಿ ಬಣ್ಣದ ಒಣಗಿದ ಕೆಸರು, ಅದರಲ್ಲಿ ಕಪ್ಪೆಚಿಪ್ಪಿನ ಚೂರು. ತಲೆನೋವಿಗೆ ಮಲಗಿದವನ ಕಾಲಿಗೆ ಹಿನ್ನೀರಿನ ಕೆಸರು ಎಲ್ಲಿಂದ ಬಂತು?

"ಎಲ್ಲೋ ಹೋಗಿದ್ದಂಗಿತ್ತು?" ಎಂದೆ.

"ಎಲ್ಲಿಲ್ಲ ಕಣೋ, ಸುಮ್ನೆ" ಎಂದೆ ನೀನು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ ಹಿನ್ನೀರಿನ ದಾರಿಯಲ್ಲಿರುವ ಇಲವಾಲಕ್ಕೆ ಹೋದೆ. ಹೌದು, ಪೊಲೀಸಿನವನಂತೆ! ಟೀ ಅಂಗಡಿಯವನ ಹತ್ತಿರ ನಿನ್ನ ಕನ್ನಡಕ, ನಿನ್ನ ಜೋಳಿಗೆ ಬಣ್ಣಿಸಿದೆ. "ಓ, ಆ ಮೇಷ್ಟ್ರಾ? ಕಾರ್ ಮಾಡ್ಕಂಡ್ ಬಂದಿದ್ರಲ್ಲ ಸಾ, ಬಲಕ್ ತಿರುಗಿ ಹಿನ್ನೀರ್ ಕಡೆ ಹೋದ್ರು" ಎಂದ. ಕಾರು! ಬಸ್ಸಿನಲ್ಲಿ ಓಡಾಡುವ ಡ್ರಾಯಿಂಗ್ ಮೇಷ್ಟ್ರಿಗೆ ಕಾರೇಕೆ? ನಿನ್ನ ಬೀದಿಯಲ್ಲಿ ಯೋಗ ಕಲಿಯಲು ಬಂದ ಫಾರಿನ್‌ನವರು ಕುತ್ತಿಗೆಗೆ ದೊಡ್ಡ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ತಿರುಗುತ್ತಿದ್ದರಲ್ಲ — ಅವರಲ್ಲಿ ಒಬ್ಬನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದ್ದಾನೆ, ಕರಿಘಟ್ಟವನ್ನೂ ಹೀಗೇ ತೋರಿಸಿರಬೇಕು ಎಂದು ವಾಪಸು ಬರುವ ದಾರಿಯಲ್ಲಿ ಪೂರ್ತಿ ಕಥೆ ಕಟ್ಟಿಬಿಟ್ಟೆ. ಟೀ ಅಂಗಡಿಯವನನ್ನು ಕಾರಿನಲ್ಲಿ ಯಾರಿದ್ದರು ಎಂದು ಕೇಳಬಹುದಿತ್ತು. ಕೇಳಲಿಲ್ಲ, ನನಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು.

ಅದೇ ವಾರ ನೀನು ರೋಲು ತಂದುಕೊಟ್ಟೆ. "ಹುಷಾರು ಕಣೋ, ಇದು ಮುಖ್ಯವಾದ್ದು" ಎಂದೆ. ಮುಖ್ಯವಂತೆ, ಸ್ಪರ್ಧೆಗೆ ಇನ್ನು ಒಂದು ತಿಂಗಳಿತ್ತು!

ಡೆವಲಪ್ ಮಾಡಿ ಒದ್ದೆ ಫಿಲಮನ್ನು ಬಲ್ಬಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು — ಆಕಾಶ ಕಪ್ಪು, ನೆರಳು ಬಿಳಿ, ಮನುಷ್ಯರ ಮುಖ ಇದ್ದಿಲು. ಬಿರುಕು ಬಿಟ್ಟ ನೆಲ, ಅರ್ಧ ಗೋಡೆಯ ಕಲ್ಲುಗಳು, ನೆಲದಲ್ಲಿ ಹೂತ ಒಂದು ಒರಳು, ಅದರ ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದು ಕೂತ ಒಬ್ಬ ಮುದುಕಿ. ನಾನು ಮುಖ ನೋಡಲಿಲ್ಲ, ರುದ್ರ. ಜಾಗ ನೋಡಿದೆ. ಯಾರೋ ಹಳ್ಳಿಯವಳನ್ನು ಹಿಡಿದು ಕೂರಿಸಿದ್ದಾನೆ, ಪಶ್ಚಿಮವಾಹಿನಿಯಲ್ಲಿ ನನಗೆ ಬುದ್ಧಿ ಹೇಳಿದ ದೊಡ್ಡ ಮನುಷ್ಯ ಈಗ ತಾನೇ ಅದನ್ನು ಮಾಡುತ್ತಿದ್ದಾನೆ ಎಂದುಕೊಂಡೆ. ಹೊಟ್ಟೆ ಉರಿದುಹೋಯಿತು. ಅಂಥ ಫೋಟೋ ನಾನು ಜನ್ಮದಲ್ಲಿ ತೆಗೆದಿರಲಿಲ್ಲ — ಅದೂ ಒಂದು ಕಾರಣ, ಮುಚ್ಚಿಡುವುದಿಲ್ಲ.

ನಿನ್ನ ನೆಗೆಟಿವ್ ಒಣಗಲು ಹಾಕಿ, ಕ್ಯಾಮೆರಾ ಕಾಣದ ಒಂದು ಹೊಸ ಫಿಲಮನ್ನು ಹಾಗೇ ಡೆವಲಪ್ ಮಾಡಿದೆ. ಗಾಜಿನಷ್ಟು ಸ್ವಚ್ಛವಾದ ಖಾಲಿ ಪಟ್ಟಿ ಬಂತು. ಮರುದಿನ ಅಂಗಡಿಯಲ್ಲಿ ಫೋಟೋ ಹುಚ್ಚಿನ ಗೆಳೆಯರು ನಾಲ್ಕು ಜನ ಕೂತಿದ್ದರು. ಅವರ ಎದುರಿಗೇ ಅದನ್ನು ನಿನ್ನ ಕೈಗಿಟ್ಟೆ. "ಫಿಲಂ ಕ್ಯಾಮೆರಾದ ಹಲ್ಲಿಗೆ ಕಚ್ಚೇ ಇಲ್ಲ ಮೇಷ್ಟ್ರೇ, ಒಂದೂ ಬಂದಿಲ್ಲ."

ನೀನು ಪಟ್ಟಿಯನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಮತ್ತೆ ಆ ತುದಿಯಿಂದ ಈ ತುದಿಗೆ.

"ರಿವೈಂಡ್ ಗುಂಡಿ ತಿರುಗ್ತಿತ್ತು ಕಣೋ ರಾಜು. ಪ್ರತಿ ಸಲ ನೋಡ್ದೆ. ತಿರುಗ್ತಿತ್ತು."

ಫಿಲಂ ಸರಿಯಾಗಿ ಕಚ್ಚಿದ್ದರೆ ಮಾತ್ರ ಆ ಗುಂಡಿ ತಿರುಗುವುದು. ಅದು ನಮಗಿಬ್ಬರಿಗೂ ಗೊತ್ತು. ನಾನು ನಕ್ಕೆ. "ಇಲ್ದಿದ್ದು ಕಂಡಿರುತ್ತೆ ಬುಡು. ನಿನ್ನ ಕೈಯೇ ಸರಿಯಿಲ್ಲ, ಡ್ರಾಯಿಂಗ್ ಮಾಡ್ಕೊಂಡಿರು." ನಾಲ್ವರೂ ನಕ್ಕರು. ನೀನೂ ಸ್ವಲ್ಪ ನಕ್ಕೆ, ಪಟ್ಟಿಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದೆ.

ಮೊದಲು ಸಿಕ್ಕ ಭಾನುವಾರ ನಿನ್ನ ನೆಗೆಟಿವ್ ಜೇಬಿನಲ್ಲಿಟ್ಟುಕೊಂಡು ಆ ಜಾಗ ಹುಡುಕಿ ಹೋದೆ. ಕೊಡಗಿನಲ್ಲಿ ಆಗಲೇ ಮಳೆ ಹಿಡಿದಿತ್ತು. ಹಿನ್ನೀರು ಏರಿ, ಕಲ್ಲೂ ಇಲ್ಲ, ಒರಳೂ ಇಲ್ಲ, ಬರೀ ಕೆಂಪು ನೀರು. ನನಗೂ ಸಿಗಲಿಲ್ಲ, ನಿನಗೂ ಉಳಿಯಲಿಲ್ಲ ಎಂದು ಸಮಾಧಾನವಾಯಿತು. ಎಂಥ ಸಮಾಧಾನ ನೋಡು.

ಹದಿನೈದು ದಿನ ನೀನು ಅಂಗಡಿ ಕಡೆ ಬರಲಿಲ್ಲ. ನಿನಗೇನಾದರೂ ವಾಸನೆ ಹತ್ತಿತೇ ಎಂದು ನೋಡಲು ನಾನೇ ಮನೆಗೆ ಬಂದೆ. ಅವ್ವ ಜಗಲಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಆ ಸೆರಗು ನೋಡಿದ ಕೂಡಲೇ ನೆಗೆಟಿವ್‌ನ ಮುದುಕಿ ಯಾರೆಂದು ಹೊಳೆಯಿತು. ಆದರೂ ಹೋಗಿ ಕೂತೆ.

"ನಮ್ಮವ್ವನ ಮನೆ ಒರಳು ಕಣಪ್ಪ ಅದು" ಎಂದರು ಅವ್ವ, ನಾನು ಕೇಳದೆಯೇ. "ಕಟ್ಟೆ ಕಟ್ಟಿ ಊರ್ ಮುಳುಗ್ದಾಗ ನಂಗೆ ಎಂಟೊರ್ಸ. ಎಲ್ಲಾ ಗಾಡೀಲಿ ಏರ್ಕಂಡ್ ಬಂದ್ರು, ಒರಳ್ ಒಂದು ಕಿತ್ ತರಕಾಗ್ನಿಲ್ಲ. ಅಂಗೇ ಐತೆ ಮಗ, ಒಂದ್ ಕಡೆ ಅಂಚು ಮುಕ್ಕಾಗಿತ್ತಲ್ಲ, ಆ ಮುಕ್ಕೂ ಅಂಗೇ ಐತೆ! ಅಷ್ಟು ದೂರ ನಡೆಯಕಾಗಲ್ಲ ಅಂತ ಇವ್ನು ಕಾರ್ ಮಾಡ್ದ. ಫೋಟೋ ತೆಗ್ದ. ಅದ್ಯಾಕೋ ಒಂದೂ ಬರ್ನಿಲ್ವಂತೆ."

ನೀನು ಬಾಗಿಲಲ್ಲಿ ನಿಂತಿದ್ದೆ. "ನನ್ನ ಕೈ ತಪ್ಪು ಅವ್ವ, ಹೇಳಿದ್ನಲ್ಲ" ಎಂದೆ.

"ನಿನ್ನೇ ಕರ್ಕಂಡ್ ಹೋಗಾನ ಅಂದೆ ನಾನು" ಎಂದು ಅವ್ವ ನನ್ನ ಮಂಡಿಯ ಮೇಲೆ ಕೈಯಿಟ್ಟರು. "ಇವ್ನೇ ಬ್ಯಾಡ ಅಂದ. ಅವ್ನು ಪ್ರೈಜಿಗೆ ಕಳಿಸ್ಬುಡ್ತಾನೆ, ನೀನು ಅಳದ್ನ ಊರೋರೆಲ್ಲ ನೋಡ್ತಾರೆ ಅಂದ. ನೀನು ಬಂದಿದ್ರೆ ಚೆನ್ನಾಗ್ ಬರ್ತಿತ್ತು. ಇನ್ನೊಂದ್ಸಲ ನೀರ್ ಇಳಿದ್ರೆ ನೀನೇ ತೆಕ್ಕೊಡಪ್ಪ."

"ಅವ್ವ, ಸುಮ್ನಿರವ್ವ" ಎಂದು ನೀನು ಒಳಗೆ ಹೋದೆ.

ಆ ಕ್ಷಣ — ಆ ಕ್ಷಣ ಒಂದು ಸಣ್ಣ ಸುಳ್ಳು ಸಾಕಿತ್ತು. ಫಿಲಂ ಅದಲುಬದಲಾಗಿತ್ತು, ನಿನ್ನದು ಸಿಕ್ಕಿತು ಎಂದಿದ್ದರೆ ಸಂಜೆಯೊಳಗೆ ಅವ್ವನ ಕೈಯಲ್ಲಿ ಫೋಟೋ ಇರುತ್ತಿತ್ತು. ಹೇಳಲಿಲ್ಲ. ಮೊದಲು ಸಿಟ್ಟು ಬಂತು: ನನ್ನನ್ನು ಅಷ್ಟು ಕೀಳಾಗಿ ಕಂಡೆಯಾ ಎಂದು. ಆಮೇಲೆ ಅನುಮಾನ: ಇವನಿಗೆ ಎಲ್ಲ ಗೊತ್ತಾಗಿದೆ, ಮುದುಕಿಯ ಬಾಯಲ್ಲಿ ಮಾತಾಡಿಸಿ ನನ್ನ ಮುಖ ಪರೀಕ್ಷೆ ಮಾಡುತ್ತಿದ್ದಾನೆ, ಈಗ ಹೇಳಿದರೆ ಸಿಕ್ಕಿಬಿದ್ದಂತೆ ಎಂದು. ಎಂಬತ್ತರ ಹತ್ತಿರದ ಆ ಹೆಂಗಸಿನ ಕಣ್ಣಿನಲ್ಲೂ ನಾನು ಪಿತೂರಿ ಹುಡುಕಿದೆ. "ಆಗ್ಲಿ ಅವ್ವ, ತೆಕ್ಕೊಡ್ತೀನಿ" ಎಂದು ಕಾಫಿ ಕುಡಿದು ಎದ್ದು ಬಂದೆ.

ಮರುವರ್ಷ ನೀರು ಇಳಿಯಲಿಲ್ಲ, ಅದರ ಮರುವರ್ಷವೂ ಇಲ್ಲ. ನಾನು ಬಂದಾಗಲೆಲ್ಲ ಅವ್ವ ಕೇಳುತ್ತಿದ್ದರು — ನೀರು ಎಂಗೈತೆ ಮಗ? ಮೂರನೆಯ ವರ್ಷ ಕೇಳಲು ಅವರಿರಲಿಲ್ಲ. ಗೋಡೆಗೆ ಹಾಕಲು ಫೋಟೋ ಬೇಕೆಂದು ನೀನು ಯಾವುದೋ ಮದುವೆಯ ಗುಂಪಿನ ಚಿತ್ರ ತಂದೆ. ಅದರಲ್ಲಿ ಅವ್ವನ ಮುಖ ಕಡಲೆಕಾಳಿನಷ್ಟು. ನಾನು ಅದನ್ನೇ ದೊಡ್ಡದು ಮಾಡಿದೆ. ಕಣ್ಣು ಮೂಗು ಕಲಸಿಹೋದವು. ಆ ಕೆಲಸ ಮಾಡುವಾಗ ನನ್ನ ಮೊಣಕೈಯಿಂದ ಒಂದು ಮೊಳ ದೂರದ ಡಬ್ಬಿಯಲ್ಲಿ ಅವರ ಮೂವತ್ತಾರು ಫೋಟೋಗಳಿದ್ದವು. "ಇಷ್ಟಾದ್ರೂ ಮಾಡ್ಕೊಟ್ಯಲ್ಲ" ಎಂದು ನೀನು ನನ್ನ ಕೈ ಹಿಡಿದುಕೊಂಡೆ.

ಅವ್ವ ಹೋಗಿ ನಾಲ್ಕು ವರ್ಷಕ್ಕೆ ಹಿನ್ನೀರು ಮತ್ತೆ ಬತ್ತಿತು. ಹೋಗಿ ನೋಡಿದೆ. ಅಷ್ಟು ಹೊತ್ತಿಗೆ ಅದು ಎಲ್ಲರಿಗೂ ಗೊತ್ತಿರುವ ಜಾಗ. ಡಿಜಿಟಲ್ ಕ್ಯಾಮೆರಾ ಹಿಡಿದವರ ಸಾಲು. ಒರಳು ಅಲ್ಲೇ ಇತ್ತು. ಮುಕ್ಕಾದ ಅಂಚಿನ ಮೇಲೆ ಯಾರೋ ಕಾಲಿಟ್ಟು ಪೋಸು ಕೊಡುತ್ತಿದ್ದರು. ನಾನು ಕ್ಯಾಮೆರಾ ಹೊರತೆಗೆಯಲಿಲ್ಲ.

ಮೊನ್ನೆ ನಿನ್ನ ಮಗಳ ನಿಶ್ಚಿತಾರ್ಥದಲ್ಲಿ ಬೀಗರಲ್ಲೊಬ್ಬರು ಕ್ಯಾಮೆರಾ ನಿನ್ನ ಮುಂದೆ ಹಿಡಿದು "ಮೇಷ್ಟ್ರೇ, ಒಂದು ತೆಗೀರಿ" ಎಂದರು. ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು "ಬ್ಯಾಡಿ, ನನ್ನ ಕೈಗೆ ಅದು ಹತ್ತಲ್ಲ. ನಮ್ಮವ್ವಂದೇ ಕೆಡಿಸ್ದೋನು ನಾನು" ಎಂದೆ. ನಾನು ಎರಡಾಳು ದೂರದಲ್ಲಿ ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ನಿಂತಿದ್ದೆ.

ಒಡೆಸುವ ಮುಂಚೆ ಡಾರ್ಕ್ ರೂಮಿನಲ್ಲಿ ಕೊನೆಯದಾಗಿ ಒಂದು ಪ್ರಿಂಟು ಮಾಡಿದೆ. ಕಾಗದದ ಮೇಲೆ ನಿಧಾನವಾಗಿ ಅವ್ವ ಮೂಡಿ ಬಂದರು. ಬಲಗೈಯನ್ನು ಒರಳಿನ ಗುಳಿಯೊಳಗೆ ಇಟ್ಟಿದ್ದಾರೆ, ಹಿಟ್ಟು ತಿರುವುವಾಗ ಇಡುವ ಹಾಗೆ. ಅಳುತ್ತಿಲ್ಲ, ರುದ್ರ. ಕ್ಯಾಮೆರಾದ ಹಿಂದೆ ಇರುವ ನಿನ್ನನ್ನು ನೋಡಿ ನಗುತ್ತಿದ್ದಾರೆ. ನನಗೆ ಮೊದಲು ಬಂದ ಯೋಚನೆ — ಎಂಥ ಫೋಟೋ, ಇದಕ್ಕೆ ಯಾವ ಸ್ಪರ್ಧೆಯಲ್ಲೂ ಎದುರಿಲ್ಲ ಎಂದು. ಅದನ್ನೂ ಬರೆದುಬಿಡುತ್ತೇನೆ. ನಾನು ಅಂಥವನೇ. ನೀನು ಅವ್ವನಿಗೆ ನನ್ನ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಇದು ಅಚ್ಚಾದ ದಿನ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ಪ್ರಿಂಟಿನ ಬೆನ್ನು ಖಾಲಿ ಬಿಟ್ಟಿದ್ದೇನೆ. ದಾರಿ ಬರೆಯುವ ಹಕ್ಕು ಜಾಗ ಕಂಡವನದು. ನೀನು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಇಟ್ಟು ಜಾರಿಕೊಳ್ಳುವುದಿಲ್ಲ, ನಿಂತಿರುತ್ತೇನೆ. ಕೈಗೇ ಕೊಡಬೇಕು. ಕೊಟ್ಟು, ಹದಿಮೂರು ವರ್ಷದ ಹಿಂದೆ ನಾಲ್ವರ ಮುಂದೆ ನಕ್ಕು ಅಲ್ಲಗಳೆದದ್ದನ್ನು ನಿನ್ನ ಮುಖ ನೋಡಿ ಹೇಳಬೇಕು — ಗುಂಡಿ ತಿರುಗುತ್ತಿತ್ತು ರುದ್ರ. ನೀನು ನೋಡಿದ್ದು ಸರಿ.