ಹದಿನೆಂಟು ಲೋಟದ ಕೂಸಿನ ಮನೆ

ಥಿಕಾ ಊರಾಚೆ, ಹೂದೋಟದ ಬೇಲಿಗೆ ಅಂಟಿಕೊಂಡ ತಗಡಿನ ಓಣಿಯಲ್ಲಿ ಗಥೋನಿ ಕಾಣಿಸಿಕೊಂಡರೆ ಸಾಕು, ಕೂಸಿನ ಮನೆ ನಡೆಸುವ ಹೆಂಗಸರು ಒಲೆಯನ್ನು ಹೊರಗಿಟ್ಟು ನೆಲ ಗುಡಿಸತೊಡಗುತ್ತಿದ್ದರು. ಐವತ್ತೇಳರ ವಿಧವೆ. ಇಪ್ಪತ್ತು ವರ್ಷ ಅದೇ ತೋಟದಲ್ಲಿ ಗುಲಾಬಿ ಕೊಯ್ದವಳು. ಬೆರಳು ಮಡಚಲು ಬಾರದಾದಾಗ ಕೌಂಟಿ ಸರ್ಕಾರದ ಕಚೇರಿಯ ತರಬೇತಿಗೆ ಸೇರಿಕೊಂಡಳು. ಆರು ವರ್ಷದಿಂದ ಕೂಸಿನ ಮನೆಗಳನ್ನು ನೋಡಿ ಕಾಗದದಲ್ಲಿ ಗುರುತು ಹಾಕುವುದೇ ಅವಳ ಕೆಲಸ. ನೀರು ಮುಚ್ಚಿಟ್ಟಿದ್ದಾರೆಯೇ, ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ಒಲೆ ಮಕ್ಕಳಿಂದ ದೂರವಿದೆಯೇ, ಒಬ್ಬಳ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ.

ಕೊನೆಯ ಪ್ರಶ್ನೆಯಲ್ಲೇ ತೊಡಕು. ಅವರ ಜನ ಮಕ್ಕಳನ್ನು ಎಣಿಸುವುದಿಲ್ಲ. ಎಣಿಸಿದ ಮಗು ಉಳಿಯದು ಎಂಬ ಭಯ. ಗಥೋನಿಯ ತಾಯಿ ಹತ್ತು ಎನ್ನಬೇಕಾದಲ್ಲಿ ‘ತುಂಬಿದ ಒಂಬತ್ತು’ ಎನ್ನುತ್ತಿದ್ದಳು. ಆದ್ದರಿಂದ ಗಥೋನಿ ಗೋಡೆಯ ಮೊಳೆಗಳಿಗೆ ತೂಗುಹಾಕಿದ ಲೋಟಗಳನ್ನು ಎಣಿಸಿ ಆ ಸಂಖ್ಯೆಯನ್ನೇ ಬರೆಯುತ್ತಿದ್ದಳು. ಕಚೇರಿಯವರೂ ಅದೇ ಜನ. ಯಾರೂ ಕೇಳಿರಲಿಲ್ಲ.

ಓಣಿಯವರೆಲ್ಲ ಶೋಶೋ, ಅಂದರೆ ಅಜ್ಜಿ, ಎಂದು ಕರೆಯುವ ನ್ಜಾಂಬಿಯ ಮನೆಯಲ್ಲಿ ಲೋಟಗಳು ಹದಿನೆಂಟು. ನಿಯಮದಂತೆ ಇಪ್ಪತ್ತರವರೆಗೆ ತಪ್ಪಿಲ್ಲ. ಬೆಳಿಗ್ಗೆ ಐದೂವರೆಗೆ ಮಗುವನ್ನು ತೆಗೆದುಕೊಳ್ಳುವ ಮನೆ ಆ ಓಣಿಯಲ್ಲಿ ಅದೊಂದೇ. ಗಥೋನಿಯ ಮಗಳು ನ್ಯೋಕಾಬಿ ತೋಟದ ಬಸ್ಸು ಹತ್ತುವ ಮೊದಲು ಎರಡು ವರ್ಷದ ಕಿರಗುವನ್ನು ಬಿಡುತ್ತಿದ್ದುದೂ ಅಲ್ಲಿಯೇ. ಮೂರು ದಿನ ಕೆಲಸ ತಪ್ಪಿಸಿದರೆ ತೋಟದವರು ಹೆಸರು ಹೊಡೆದುಹಾಕುತ್ತಾರೆ.

ಆ ಮಂಗಳವಾರ ಹತ್ತು ಗಂಟೆಗೆ ಗಥೋನಿ ಹೋದಾಗ ಮುದುಕಿ ನಕ್ಕಳು. “ಬಾರೇ ಹುಡುಗಿ. ನಿನ್ನ ಕಾಗದಕ್ಕೆ ಮತ್ತೆ ಹಸಿವಾಯ್ತಾ?”

“ಹ್ಞೂಂ ಶೋಶೋ. ನಿನ್ನೊಂದು ಸಹಿ ತಿನ್ನದೆ ಅದಕ್ಕೆ ನಿದ್ದೆ ಬರಲ್ಲ.”

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು. ನ್ಜಾಂಬಿ ಕ್ಯಾನು ಹಿಡಿದು ಓಡಿದಳು. ಹೋಗುವಾಗ ಎಂದಿನ ಅಭ್ಯಾಸದಂತೆ ಹೊರಗಿನಿಂದ ಬೀಗ ಹಾಕಿದಳು.

ಒಳಗೇ ಉಳಿದ ಗಥೋನಿ ಬಾಗಿಲು ತಳ್ಳಿದಳು. ಕೂಗಿದಳು. ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಕಿಟಕಿಗೆ ಹಲಗೆ ಜಡಿದಿತ್ತು. ಈ ಸಲ ಹೊರಗಿಡದೆ ಉಳಿದಿದ್ದ ಮೂಲೆಯ ಇದ್ದಿಲ ಒಲೆಯ ಮೇಲೆ ಜೋಳ, ಹುರುಳಿ ಕುದಿಯುತ್ತಿದ್ದವು. ಒಂದು ಮಗು ಒಲೆಯ ಕಡೆ ಹೊರಟಿತು. ಅಂಗಿ ಹಿಡಿದು ಎಳೆದಳು. ಇನ್ನೊಂದು ಆಚೆಯಿಂದ ಹೊರಟಿತು. ಅದನ್ನೂ ಎಳೆದಳು. ಮೂರನೆಯದನ್ನು ಹಿಡಿಯಲು ಕೈ ಖಾಲಿ ಇರಲಿಲ್ಲ. ಕಾಲು ಅಡ್ಡ ಕೊಟ್ಟಳು. ಗದ್ದಲಕ್ಕೆ, ಕೋಣೆಯ ಹಿಂಭಾಗಕ್ಕೆ ಅಡ್ಡ ಕಟ್ಟಿದ್ದ ಪರದೆಯ ಹಿಂದೆ ಅಳು ಎದ್ದಿತು. ಸರಿಸಿ ನೋಡಿದರೆ ಕೂಸುಗಳು ಕಟ್ಟಿಗೆ ಜೋಡಿಸಿದಂತೆ ಸಾಲಾಗಿ ಮಲಗಿದ್ದವು. ಆರು ವರ್ಷದಲ್ಲಿ ಅವಳು ಆ ಪರದೆ ಸರಿಸಿರಲಿಲ್ಲ.

ಈಗ ಕಿಡಿ ಹಾರಿದರೆ ಒಳಗೆ ಎಷ್ಟು ಜನರಿದ್ದರೆಂದು ಹೇಳುವವರು ಯಾರು? ಗಥೋನಿ ಬೆರಳು ಚಾಚಿ, ಬಾಯಿಬಿಟ್ಟು ಎಣಿಸತೊಡಗಿದಳು. ಇಪ್ಪತ್ತೇಳನೆಯವನು ಕಿರಗು. ಅವನ ಮೇಲೆ ಬೆರಳು ತಡೆಯಿತು, ಮುಂದೆ ಹೋಯಿತು.

“ನಲವತ್ತೊಂದು” ಎನ್ನುವಾಗ ಬೀಗ ತೆರೆಯಿತು.

“ಥೂ! ನಿನ್ನ ಬಾಯಿಗೆ ಬೂದಿ ಬೀಳ!” ನ್ಜಾಂಬಿ ಕ್ಯಾನು ಕುಕ್ಕಿದಳು. “ಊರವರ ಮಕ್ಕಳ ಮೇಲೆ ಬೆರಳಿಡ್ತೀಯಾ?”

“ಗೋಡೆ ಮೇಲೆ ಹದಿನೆಂಟೇ ಲೋಟ ಇದೆಯಲ್ಲ, ಶೋಶೋ.”

“ಸರದಿ ಮೇಲೆ ಕುಡೀತಾವೆ. ಲೋಟ ಎಣಿಸ್ದವಳು ನೀನು. ನಾನು ಹೇಳಿದ್ನಾ ಲೋಟ ಎಣಿಸು ಅಂತ?”

ಗಥೋನಿ ಬಾಗಿಲ ಕಡೆ ಕೈ ತೋರಿಸಿದಳು. “ಬೀಗ ಯಾಕೆ ಹಾಕ್ದೆ?” ಎಂದಳು.

“ಹಾಕ್ದಿದ್ರೆ ಲಾರಿ ರಸ್ತೆಗೆ ಓಡ್ತಾವೆ. ನೀರು ನೀನು ತಂದ್ಕೊಡ್ತೀಯಾ? ಬರ್ಕೋ. ನಾಳೆಯಿಂದ ನಿನ್ನ ಮೊಮ್ಮಗನ್ನ ಎಲ್ಲಿ ಕಟ್ಹಾಕ್ತೀಯ, ಅದನ್ನೂ ಬರ್ಕೋ.”

ಸಂಜೆ ನ್ಯೋಕಾಬಿ ಕೆಲಸದಿಂದ ಬಂದು ತಾಯಿ ‘ನಲವತ್ತೊಂದು’ ಎಂದು ಬರೆದು ಮೇಜಿನ ಮೇಲಿಟ್ಟಿದ್ದ ಕಾಗದ ಓದಿದಳು. ಬೂಟು ಬಿಚ್ಚಲಿಲ್ಲ.

“ಲೋಟನೇ ಬರೀಬಹುದಿತ್ತಲ್ಲಮ್ಮ. ಆರು ವರ್ಷ ಅದನ್ನೇ ಬರ್ದಿದ್ದೀಯ.”

“ಬೆಂಕಿ ಬಿದ್ದಿದ್ರೆ?”

“ಬಿದ್ದಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಬಸ್ಸು ಬರತ್ತಲ್ಲ, ಅದು ಸುಳ್ಳಲ್ಲ.”

“ಇವನನ್ನ ನಾನು ನೋಡ್ಕೋತೀನಿ.”

“ಇವನನ್ನ ನೀನು ನೋಡ್ಕೋ. ನನ್ನ ಸಾಲಲ್ಲಿ ಹೂವು ಕಟ್ಟೋರು ಆರು ಜನ ಇದ್ದಾರೆ. ಮಕ್ಕಳನ್ನ ನೋಡ್ಕೊಳ್ಳೋಕೆ ಅವರಿಗೆ ತಾಯಿ ಎಲ್ಲಿದ್ದಾರೆ?”

ಗಥೋನಿ ಕಾಗದ ಹರಿಯಲಿಲ್ಲ. ಹರಿದರೂ ಎಣಿಸಿದ್ದು ಹೋಗುವಂತಿರಲಿಲ್ಲ. ಬುಧವಾರ ಕಚೇರಿಗೆ ಕೊಟ್ಟಳು, ಹಿಂದಿನ ಆರು ವರ್ಷದ ಲೋಟದ ಸಂಗತಿಯನ್ನೂ ಬಾಯಲ್ಲಿ ಹೇಳಿದಳು. ಅಧಿಕಾರಿ ತಲೆ ಎತ್ತದೆ, “ಅದನ್ನ ಈಗ ಯಾಕೆ ಕೆದಕ್ತೀರಿ ಬಿಡಿ, ನ್ಯೋಕಾಬಿಯ ತಾಯಿ” ಎಂದ. ಶುಕ್ರವಾರ ನ್ಜಾಂಬಿಯ ಮನೆಗೆ ಮೊಹರು ಬಿತ್ತು. ಮಕ್ಕಳನ್ನು ಬೇರೆಲ್ಲಿ ಬಿಡಬೇಕೆಂದು ಮೊಹರು ಹಾಕಿದವರು ಹೇಳಲಿಲ್ಲ.

ಸೋಮವಾರ ಅವಳು ಕಿರಗುವನ್ನು ಬೆನ್ನಿಗೆ ಕಟ್ಟಿಕೊಂಡು ಇನ್ನೊಂದು ಕೂಸಿನ ಮನೆ ನೋಡಲು ಹೊರಟಳು. ಓಣಿ ಎಂದಿಗಿಂತ ಖಾಲಿಯಾಗಿತ್ತು. ಬೀಗ ಹಾಕಿದ ಒಂದು ಬಾಗಿಲ ಹಿಂದೆ ಅಳು ಕೇಳಿಸಿತು. ನಾಲ್ಕು ಮನೆ ದಾಟಿದ ಮೇಲೆ ಇನ್ನೊಂದು. ಅವು ಕೂಸಿನ ಮನೆಗಳಲ್ಲ, ಬರಿಯ ಮನೆಗಳು. ಅವುಗಳನ್ನು ಬರೆಯಲು ಅವಳ ಕಾಗದದಲ್ಲಿ ಜಾಗವಿರಲಿಲ್ಲ.

ಎರಡನೆಯ ಬಾಗಿಲ ಬೀಗವನ್ನು ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ಒಳಗೆ ಅಳು ನಿಂತಿತು.

“ಅಮ್ಮಾ?”

“ಅಲ್ಲ ಮಗ. ನಿಮ್ಮಮ್ಮ ಸಂಜೆ ಐದು ಗಂಟೆಗೆ ಬರ್ತಾಳೆ.”

ಆಗ ಬೆಳಗಿನ ಎಂಟು ಗಂಟೆ.